ಲಾಗ್ ಓದಿಸದ ಪಾಠ

ರೆಡ್ ಹ್ಯಾಟ್‌ನ ಆರ್‌ಎಚ್‌ಸಿಎಸ್‌ಎ ಪರೀಕ್ಷೆಗೆ ಕೂರುವವರು ಯಾವ ಆನ್‌ಲೈನ್ ಕೋರ್ಸ್ ಹಿಡಿಯಬೇಕು ಎಂಬುದರ ಬಗ್ಗೆ ಈ ವಾರ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಅದಕ್ಕೆಂದೇ ಕೆಲವು ಕೋರ್ಸ್‌ಗಳ ವಿಡಿಯೊ ಹಾಕಿಕೊಂಡು ಕೂತೆ. ಒಂದರಲ್ಲಿ ವೆಬ್ ಸರ್ವರ್ ಪಾಠ ಶುರುವಾಗುವ ಮೊದಲೇ ಮೇಷ್ಟ್ರು ಟರ್ಮಿನಲ್‌ನಲ್ಲಿ ‘ಸೆಟ್‌ಎನ್‌ಫೋರ್ಸ್ 0’ ಎಂದು ಹೊಡೆದು, ‘ಇದು ಸುಮ್ಮನೆ ಅಡ್ಡ ಬರುತ್ತೆ, ಆಫ್ ಮಾಡಿಬಿಡೋಣ’ ಎಂದು ಮುಂದೆ ಹೋದರು. ಈ ಆಫ್ ಮಾಡಿಸುವ ಪಂಥದ ಜೊತೆ ನನ್ನ ಜಗಳ ಹಳೆಯದು. ಕೋರ್ಸ್‌ಗಳ ತುಲನೆ ಇನ್ನೊಂದು ವಾರಕ್ಕಿರಲಿ. ಈ ಜಗಳವನ್ನು ಇವತ್ತು ಇತ್ಯರ್ಥ ಮಾಡಿಬಿಡೋಣ.

ಮೊದಲನೆಯದಾಗಿ, ಆ ಕಮಾಂಡ್‌ನಿಂದ ಲಿನಕ್ಸ್ ಕರ್ನಲ್‌ನ ಕಾವಲುಗಾರ ಎಸ್‌ಇಲಿನಕ್ಸ್ ಆಫ್ ಆಗುವುದೇ ಇಲ್ಲ, ಪರ್ಮಿಸಿವ್‌ಗೆ ಹೋಗುತ್ತದೆ. ತಡೆಯುವುದನ್ನು ಬಿಡುತ್ತದೆ, ಬರೆದಿಡುವುದನ್ನು ಬಿಡುವುದಿಲ್ಲ. ಆ ಮೇಷ್ಟ್ರು ತಮ್ಮ ಹೋಮ್ ಡೈರೆಕ್ಟರಿಯಲ್ಲಿ ಒಂದು ಎಚ್‌ಟಿಎಂಎಲ್ ಪುಟ ಮಾಡಿ, ಎಂವಿ ಕಮಾಂಡ್‌ನಿಂದ ಅದನ್ನು ವೆಬ್ ಡೈರೆಕ್ಟರಿಗೆ ಸಾಗಿಸಿದರು. ಬ್ರೌಸರ್‌ನಲ್ಲಿ ಪುಟ ಬಂತು. ನಿಜಕ್ಕೂ ತಡೆಯುವ ಎನ್‌ಫೋರ್ಸಿಂಗ್‌ನಲ್ಲಿ ಇದ್ದಿದ್ದರೆ 403 ಬರುತ್ತಿತ್ತು: ಪರ್ಮಿಷನ್ 644 ಇದೆ, ಫೈರ್‌ವಾಲ್ ಸರಿ ಇದೆ, ಆದರೂ 403. ಕಾರಣ ಆಡಿಟ್ ಲಾಗ್‌ನ ಒಂದೇ ಸಾಲಿನಲ್ಲಿ ಇರುತ್ತದೆ. ಕೇಳಿದ್ದು ಯಾರು ಎಂಬಲ್ಲಿ ‘ಎಚ್‌ಟಿಟಿಪಿಡಿ_ಟಿ’, ಕೇಳಿದ್ದು ಯಾವುದನ್ನು ಎಂಬಲ್ಲಿ ‘ಯೂಸರ್_ಹೋಮ್_ಟಿ’ ಎಂಬ ಲೇಬಲ್. ವೆಬ್ ಸರ್ವರ್ ಯಾರದೋ ಮನೆಯ ಫೈಲ್ ಓದಲು ಹೊರಟಿದೆ ಎಂದು ಕರ್ನಲ್ ಸ್ಪಷ್ಟವಾಗಿ ಹೇಳುತ್ತಿದೆ. ಸಿಪಿ ಮಾಡಿದರೆ ಹೊಸ ಫೈಲ್‌ಗೆ ಹೊಸ ಜಾಗದ ಲೇಬಲ್ ಬರುತ್ತದೆ, ಎಂವಿ ಮಾಡಿದರೆ ಹಳೆಯ ಲೇಬಲ್ ಜೊತೆಗೇ ಬರುತ್ತದೆ. ಒಂದು ‘ರಿಸ್ಟೋರ್‌ಕಾನ್’ ಹೊಡೆದಿದ್ದರೆ ಕೆಲಸ ಮುಗಿಯುತ್ತಿತ್ತು. ಮೇಷ್ಟ್ರು ಪುಟ ತೋರಿಸುತ್ತಿದ್ದ ಹೊತ್ತಿಗೂ ಆ ಸಾಲು ಲಾಗ್‌ಗೆ ಬಿದ್ದಿತ್ತು. ತೆರೆದು ತೋರಿಸಿದ್ದರೆ ಲೇಬಲ್ ಎಂದರೇನು, ಡೊಮೇನ್ ಎಂದರೇನು ಎಂಬ ಎರಡು ಅಧ್ಯಾಯಗಳು ಐದು ನಿಮಿಷದಲ್ಲಿ ತಲೆಗೆ ಹತ್ತುತ್ತಿದ್ದವು.

ಇದಕ್ಕಿಂತ ತುಸು ಮುಂದುವರಿದ ಇನ್ನೊಂದು ಪಂಥವಿದೆ. ಅವರು ಆಫ್ ಮಾಡುವುದಿಲ್ಲ. ಲಾಗ್ ಅನ್ನು ಓದದೆ ನೇರವಾಗಿ ‘ಆಡಿಟ್2ಅಲೌ’ಗೆ ಸುರಿಯುತ್ತಾರೆ. ಅದು ಮಾಡ್ಯೂಲ್ ಮಾಡಿ ಕೊಡುತ್ತದೆ, ಇವರು ಲೋಡ್ ಮಾಡುತ್ತಾರೆ. ಮೇಲಿನ ಉದಾಹರಣೆಯಲ್ಲಿ ಹಾಗೆ ಮಾಡಿದರೆ ಒಂದು ಪುಟಕ್ಕೆ ಸಿಗಬೇಕಾದ ಅನುಮತಿ ಯೂಸರ್_ಹೋಮ್_ಟಿ ಲೇಬಲ್ ಇರುವ ಪ್ರತಿಯೊಂದು ಫೈಲ್‌ಗೂ ಸಿಕ್ಕಿಬಿಡುತ್ತದೆ. ತಪ್ಪಿದ್ದದ್ದು ಒಂದು ಫೈಲ್‌ನ ಲೇಬಲ್, ಬದಲಾದದ್ದು ಇಡೀ ಮೆಷಿನ್‌ನ ಪಾಲಿಸಿ. ಇದು ಆಫ್ ಮಾಡುವುದಕ್ಕಿಂತ ಅಪಾಯ, ಏಕೆಂದರೆ ಗೆಟ್‌ಎನ್‌ಫೋರ್ಸ್ ಕೇಳಿದರೆ ‘ಎನ್‌ಫೋರ್ಸಿಂಗ್’ ಎಂದೇ ಉತ್ತರ ಬರುತ್ತದೆ. ಆಡಿಟ್‌ಗೆ ಬಂದವರೂ ಅದನ್ನು ನೋಡಿ ಟಿಕ್ ಹಾಕಿ ಹೋಗುತ್ತಾರೆ.

ಆಫ್ ಪಂಥದವರ ಬಳಿ ಒಂದು ಗಟ್ಟಿ ವಾದವಿದೆ: ಬಳಸಲಾಗದ ಭದ್ರತೆ ಭದ್ರತೆಯೇ ಅಲ್ಲ. ಈ ಮಾತಿಗೆ ದೊಡ್ಡ ಆಧಾರವೂ ಇದೆ. ಎಂಐಟಿಯ ಜೆರೋಮ್ ಸಾಲ್ಟ್ಜರ್ ಮತ್ತು ಮೈಕಲ್ ಶ್ರೋಡರ್ 1975ರಲ್ಲಿ ಐಇಇಇ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ ನಮ್ಮ ಕಸುಬಿನ ಮೂಲಗ್ರಂಥ. ಅದರಲ್ಲಿ ಎಂಟು ಸೂತ್ರಗಳಿವೆ. ಪ್ರತಿ ಪ್ರೋಗ್ರಾಂಗೂ ತನ್ನ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಇರಲಿ, ಸ್ಪಷ್ಟ ಅನುಮತಿ ಇಲ್ಲದಿದ್ದರೆ ಉತ್ತರ ‘ಇಲ್ಲ’ ಎಂದೇ ಇರಲಿ, ಪ್ರತಿ ಪ್ರವೇಶವನ್ನೂ ಪ್ರತಿ ಸಲವೂ ಪರೀಕ್ಷಿಸಿ ಎಂಬ ಮೂರನ್ನು ಎಲ್ಲ ಕೋರ್ಸ್‌ಗಳೂ ಸ್ಲೈಡ್‌ನಲ್ಲಿ ಹಾಕುತ್ತವೆ. ಎಂಟನೆಯದನ್ನು ಹಾಕುವವರು ಕಡಿಮೆ. ರಕ್ಷಣೆಯ ವ್ಯವಸ್ಥೆ ಬಳಸುವವರ ಮನಸ್ಸಿಗೆ ಒಗ್ಗಬೇಕು, ಅದನ್ನು ಸರಿಯಾಗಿ ಬಳಸುವುದು ಅಭ್ಯಾಸವಾಗಿಬಿಡಬೇಕು ಎನ್ನುತ್ತದೆ ಅದು. ತಾನು ಏನನ್ನು ಕಾಯುತ್ತಿದ್ದೇನೆ ಎಂದು ಬಳಸುವವರು ಅಂದುಕೊಂಡಿದ್ದಕ್ಕೂ ವ್ಯವಸ್ಥೆ ಮಾಡುವುದಕ್ಕೂ ಹೊಂದಾಣಿಕೆ ಇದ್ದಷ್ಟೂ ತಪ್ಪು ಕಡಿಮೆ ಎಂಬುದು ಅದರ ತಿರುಳು.

ಎಸ್‌ಇಲಿನಕ್ಸ್ ಈ ಸೂತ್ರದಲ್ಲಿ ಮೊದಮೊದಲು ಸೋತದ್ದು ನಿಜ. ಅಮೆರಿಕದ ಎನ್‌ಎಸ್‌ಎ ಅದನ್ನು 2000ದ ಡಿಸೆಂಬರ್‌ನಲ್ಲಿ ಬಿಡುಗಡೆ ಮಾಡಿತು. 2003ರಲ್ಲಿ ಅದು 2.6 ಕರ್ನಲ್‌ಗೆ ಸೇರಿತು. 2004ರ ಫೆಡೋರಾ ಕೋರ್ 2 ಹೊತ್ತಿಗೆ ಎಲ್ಲವನ್ನೂ ಬಿಗಿಯುವ ಸ್ಟ್ರಿಕ್ಟ್ ಪಾಲಿಸಿ ಜನರನ್ನು ಎಷ್ಟು ಕಾಡಿತೆಂದರೆ, ಕೊನೆಗೆ ಅದನ್ನು ಆಫ್ ಮಾಡಿಯೇ ಹೊರಬಿಟ್ಟರು. ಆದರೆ ಅದೇ ವರ್ಷದ ನವೆಂಬರ್‌ನಲ್ಲಿ ಕೋರ್ 3 ಟಾರ್ಗೆಟೆಡ್ ಪಾಲಿಸಿಯೊಂದಿಗೆ ಬಂತು. ನೆಟ್‌ವರ್ಕ್‌ಗೆ ಮುಖ ಮಾಡಿರುವ ಕೆಲವು ಡೀಮನ್‌ಗಳಿಗೆ ಮಾತ್ರ ಕಟ್ಟುಪಾಡು, ಲಾಗಿನ್ ಆದ ಬಳಕೆದಾರರಿಗೆ ತೊಂದರೆಯಿಲ್ಲ. ಎಂಟನೇ ಸೂತ್ರಕ್ಕೆ ಸಿಕ್ಕ ಉತ್ತರ ಅದು. ‘ಬಳಸಲಾಗದು’ ಎನ್ನುವವರು ಇಂದಿಗೂ 2004ರ ಮೇ ತಿಂಗಳಲ್ಲೇ ನಿಂತಿದ್ದಾರೆ. ಅವರ ಆಂಡ್ರಾಯ್ಡ್ ಫೋನ್ 2014ರಲ್ಲಿ ಬಂದ 5.0 ಆವೃತ್ತಿಯಿಂದ ಪೂರ್ತಿ ಎನ್‌ಫೋರ್ಸಿಂಗ್‌ನಲ್ಲೇ ಓಡುತ್ತಿದೆ. ಯಾರಿಗೂ ಅಡ್ಡ ಬಂದಿಲ್ಲ. 2019ರಲ್ಲಿ ಕಂಟೇನರ್ ಒಳಗಿನಿಂದ ಹೋಸ್ಟ್‌ನಲ್ಲಿ ಕಂಟೇನರ್ ಓಡಿಸುವ ರನ್‌ಸಿ ಬೈನರಿಯನ್ನೇ ತಿದ್ದಿ ಬರೆಯುವ ದೋಷ ಬಯಲಾದಾಗ, ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್‌ನಲ್ಲಿ ಎನ್‌ಫೋರ್ಸಿಂಗ್ ಬಿಟ್ಟಿದ್ದವರನ್ನು ಮೂಲ ಪಾಲಿಸಿಯೇ ಕಾಯಿತು.

ಪಾಲಿಸಿ ಬರೆಯುವವರು ತಮ್ಮ ಪಾಲಿನ ಕೆಲಸ ಮಾಡಿದ್ದಾರೆ. ಎಂಟನೇ ಸೂತ್ರದಲ್ಲಿ ಉಳಿದ ಅರ್ಧ, ಅಂದರೆ ಬಳಸುವವರ ಮನಸ್ಸನ್ನು ಸಿದ್ಧಪಡಿಸುವುದು, ಕಲಿಸುವವರ ಪಾಲಿನದು. ಅಲ್ಲಿ ಕೆಲಸ ಬಾಕಿ ಇದೆ.

ಹಾಗಾಗಿ ದುಡ್ಡು ಕಟ್ಟುವ ಮೊದಲು ಎರಡು ವಿಷಯ ನೋಡಿ. ಲ್ಯಾಬ್ ಎಂದು ಕೊಡುವುದು ಪೂರ್ತಿ ವರ್ಚುವಲ್ ಮೆಷಿನ್ನೋ, ಬ್ರೌಸರ್‌ನಲ್ಲಿ ತೆರೆಯುವ ಕಂಟೇನರೋ? ಕಂಟೇನರ್‌ಗೆ ತನ್ನದೇ ಕರ್ನಲ್ ಇಲ್ಲ. ಒಳಗೆ ಕೂತು ಕೇಳಿದರೆ ಎಸ್‌ಇಲಿನಕ್ಸ್ ಇಲ್ಲವೆಂದೇ ಹೇಳುತ್ತದೆ. ಅಲ್ಲಿ ಈ ವಿದ್ಯೆ ಕಲಿಯಲು ಸಾಧ್ಯವೇ ಇಲ್ಲ. ಎರಡನೆಯದು, ಮೊದಲ ಸಲ ಏನಾದರೂ ತಡೆದಾಗ ಮೇಷ್ಟ್ರು ಏನು ಮಾಡುತ್ತಾರೆ? ‘ಎಯುಸರ್ಚ್’ನಿಂದ ಲಾಗ್ ತೆರೆದು ಲೇಬಲ್ ತಪ್ಪೋ, ಬೂಲಿಯನ್ ಆನ್ ಮಾಡಬೇಕೋ, ಪೋರ್ಟ್‌ಗೆ ಲೇಬಲ್ ಕೊಡಬೇಕೋ ಎಂದು ವಿಚಾರಿಸಿ, ಯಾವುದೂ ಅಲ್ಲದಿದ್ದಾಗ ಮಾತ್ರ ಮಾಡ್ಯೂಲ್‌ಗೆ ಕೈ ಹಾಕಿದರೆ ಕಣ್ಣು ಮುಚ್ಚಿ ಸೇರಿಕೊಳ್ಳಿ. ಲಾಗ್‌ನಲ್ಲೂ ಏನೂ ಕಾಣದಿದ್ದಾಗ ‘ಸೆಮಾಡ್ಯೂಲ್ -ಡಿಬಿ’ ಕೊಟ್ಟು, ತಡೆದದ್ದನ್ನು ಲಾಗ್‌ಗೆ ಬರೆಯಬೇಡ ಎನ್ನುವ ಡೋಂಟ್‌ಆಡಿಟ್ ನಿಯಮಗಳನ್ನು ಬದಿಗಿಟ್ಟು ನೋಡುವುದನ್ನು ಕಲಿಸುವವರು ಸಿಕ್ಕರೆ ಅವರನ್ನು ಬಿಡಬೇಡಿ.

ಯಾರೂ ಸಿಗದಿದ್ದರೆ ಆಲ್ಮಾಲಿನಕ್ಸ್ ಅಥವಾ ಫೆಡೋರಾ ಇಳಿಸಿಕೊಂಡು ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಒಂದು ವರ್ಚುವಲ್ ಮೆಷಿನ್ ಮಾಡಿ. ಎಸ್‌ಎಸ್‌ಎಚ್ ಅನ್ನು 2222ನೇ ಪೋರ್ಟ್‌ಗೆ ಬದಲಿಸಿ, ಸರ್ವಿಸ್ ಏಳುವುದಿಲ್ಲ ಎಂಬುದನ್ನು ನೋಡಿ, ಆಮೇಲೆ ಎನ್‌ಫೋರ್ಸಿಂಗ್ ಮುಟ್ಟದೆ ಅದನ್ನು ಎಬ್ಬಿಸಿ. ಅಷ್ಟು ಮಾಡಿದವರಿಗೆ ಪರೀಕ್ಷೆಯ ಎಸ್‌ಇಲಿನಕ್ಸ್ ಪ್ರಶ್ನೆಗಳ ಹೆದರಿಕೆ ಉಳಿಯುವುದಿಲ್ಲ.