ಮಂದಣ್ಣನಿಗೆ ಬೇಕಿದ್ದ ಕೆಲಸ

‘ಓದಿದವರಿಗೆ ಕೆಲಸ ಬರುವುದಿಲ್ಲ’ ಎಂಬ ಮಾತನ್ನು ಕನ್ನಡದಲ್ಲಿ ಎರಡು ರೀತಿ ಕೇಳಿಸಿಕೊಳ್ಳಬಹುದು. ಕೆಲಸ ಅವರ ಬಳಿಗೆ ಬರುವುದಿಲ್ಲ ಎಂದು ಒಂದು, ಕೆಲಸ ಮಾಡಲು ಅವರಿಗೆ ಬರುವುದಿಲ್ಲ ಎಂದು ಇನ್ನೊಂದು. ಪದವಿ ಮುಗಿಸಿ ಮನೆಯಲ್ಲಿ ಕೂತವರು ಮೊದಲನೆಯದನ್ನು ಹೇಳುತ್ತಾರೆ. ಉದ್ಯಮಿಗಳು, ಮಂತ್ರಿಗಳು, ಪಠ್ಯಕ್ರಮ ಸಮಿತಿಗಳ ಸದಸ್ಯರು ಎರಡನೆಯದನ್ನು ಹೇಳುತ್ತಾರೆ. ಪ್ರೌಢಶಾಲೆ, ಕಾಲೇಜುಗಳು ಮಕ್ಕಳನ್ನು ದುಡಿಮೆಗೆ ಸಜ್ಜುಗೊಳಿಸುತ್ತಿವೆಯೇ ಎಂಬ ಚರ್ಚೆ ಸಾಮಾನ್ಯವಾಗಿ ಈ ಎರಡನೆಯ ಅರ್ಥದಲ್ಲೇ ಶುರುವಾಗಿ ಅಲ್ಲೇ ಮುಗಿಯುತ್ತದೆ. ಕೆಲಸ ಎಂಬುದು ಎಲ್ಲೋ ಸಿದ್ಧವಾಗಿ ಕಾದಿದೆ, ಅದಕ್ಕೆ ತಕ್ಕಂತೆ ಹುಡುಗ ಹುಡುಗಿಯರನ್ನು ಕೊರೆದು ಕೊಟ್ಟರೆ ಸಾಕು ಎಂಬುದು ಅದರ ಹಿಂದಿರುವ ನಂಬಿಕೆ.

ನಾನು ಸಂಶೋಧನೆ ಮಾಡುತ್ತಿರುವುದು ಕನ್ನಡ ಕಾದಂಬರಿಗಳಲ್ಲಿ ದುಡಿಮೆಯ ಚಿತ್ರಣದ ಬಗ್ಗೆ. ಅದರ ನಡುವೆ ಎರಡು ವರ್ಷ ಅತಿಥಿ ಉಪನ್ಯಾಸಕಿಯಾಗಿ ಬಿ.ಕಾಂ., ಬಿಸಿಎ ವಿದ್ಯಾರ್ಥಿಗಳಿಗೆ ಭಾಷಾ ಕನ್ನಡ ಹೇಳಿಕೊಟ್ಟೆ. ಅದು ರಾಷ್ಟ್ರೀಯ ಶಿಕ್ಷಣ ನೀತಿಯ ಕಾಲ. 2021-22ರಲ್ಲಿ ಕರ್ನಾಟಕ ನಾಲ್ಕು ವರ್ಷದ ಪದವಿಗೆ ಹೋಯಿತು, 2024-25ಕ್ಕೆ ಮತ್ತೆ ಮೂರು ವರ್ಷಕ್ಕೆ ಬಂತು. ನಡುವೆ ‘ಡಿಜಿಟಲ್ ಫ್ಲುಯೆನ್ಸಿ’ಯಂಥ ಕೌಶಲ ಪತ್ರಿಕೆಗಳು ಬಂದವು. ಪ್ರತಿ ಪಾಠಕ್ಕೂ ಕಲಿಕಾ ಫಲ ಏನೆಂದು ಬರೆಯಬೇಕಿತ್ತು. ಪಂಪನಿಗೂ ಕೈಲಾಸಂಗೂ ಒಂದೇ ಫಲ, ‘ಸಂವಹನ ಕೌಶಲದ ವೃದ್ಧಿ’. ಇದು ಹೊಸ ಉತ್ಸಾಹವೇನಲ್ಲ. ಪಿಯುಸಿಯಲ್ಲಿ ಹಿಂದೆ ಜೆಒಸಿ ಎಂಬ ವೃತ್ತಿಶಿಕ್ಷಣ ಕೋರ್ಸುಗಳು ಬಂದು ಹೋಗಿವೆ. ಈಗ ಆಯ್ದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಮೂರನೇ ಭಾಷೆಯ ಬದಲು ಆಟೊಮೊಬೈಲ್, ರಿಟೇಲ್‌ನಂಥ ವಿಷಯ ತೆಗೆದುಕೊಳ್ಳಬಹುದು. ಅದರ ಬಗ್ಗೆ ನನಗೆ ತಕರಾರಿಲ್ಲ. ವೈರಿಂಗ್ ಕಲಿತ ಹುಡುಗ ವೈರಿಂಗ್ ಕಲಿತಿರುತ್ತಾನೆ, ಅದು ಸಣ್ಣ ಮಾತಲ್ಲ. ನನ್ನ ಪ್ರಶ್ನೆ ಬೇರೆ. ಅದು ಹುಟ್ಟಿದ್ದು ‘ಕರ್ವಾಲೊ’ವನ್ನು ಪಾಠ ಮಾಡುವಾಗ.

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಪ್ರಕಟವಾದದ್ದು 1980ರಲ್ಲಿ. ಅದನ್ನು ಪರಿಸರದ ಕಾದಂಬರಿ, ವಿಕಾಸವಾದದ ಕಾದಂಬರಿ, ಹಾರುವ ಓತಿಯ ಕಾದಂಬರಿ ಎಂದೆಲ್ಲ ಓದಿದ್ದೇವೆ. ಆದರೆ ಕಥೆಯನ್ನು ಮುಂದೆ ತಳ್ಳುವ ಮೊದಲ ತಳ್ಳು ಒಂದು ನೌಕರಿಯ ಅರ್ಜಿ. ಮೂಡಿಗೆರೆಯ ಸುತ್ತ ಜೇನು, ಶಿಕಾರಿ ಎಂದು ಅಲೆದುಕೊಂಡಿರುವ ಮಂದಣ್ಣನಿಗೆ ರಾಮಿಯನ್ನು ಮದುವೆಯಾಗಬೇಕು. ಅದಕ್ಕೊಂದು ಕೆಲಸ ಬೇಕು, ಪ್ಯೂನ್ ಕೆಲಸವಾದರೂ ಸರಿ. ವಿಜ್ಞಾನಿ ಕರ್ವಾಲೊ ಮನಸ್ಸು ಮಾಡಿದರೆ ಅದು ಆಗುತ್ತದೆಂದು ಅವನ ಆಸೆ. ಕರ್ವಾಲೊ ಅವನಲ್ಲಿ ಕಾಣುವುದೇ ಬೇರೆ. ಕೀಟ, ಹಕ್ಕಿ, ಜೇನುಗಳ ನಡೆಯನ್ನು ಇಷ್ಟು ಸೂಕ್ಷ್ಮವಾಗಿ ನೋಡಬಲ್ಲ ಮಂದಣ್ಣ ಹುಟ್ಟಾ ನಿಸರ್ಗ ವಿಜ್ಞಾನಿ ಎಂದು ಅವರ ನಂಬಿಕೆ. ಇಂಥ ದೊಡ್ಡ ಮನುಷ್ಯರಿಗೆ ಈ ಉಡಾಳನ ಸಹವಾಸ ಯಾಕೆ ಎಂದು ನಿರೂಪಕನಿಗೆ ಮೊದಮೊದಲು ಅರ್ಥವೇ ಆಗುವುದಿಲ್ಲ. ನಿರೂಪಕ ಓದಿದವನು. ಓದಿದ ಕಣ್ಣಿಗೆ ಮಂದಣ್ಣ ಕಾಣಿಸುವುದಕ್ಕೆ ಅಷ್ಟು ಪುಟಗಳು ಬೇಕಾಗುತ್ತವೆ ಎಂಬುದೇ ಕಾದಂಬರಿಯ ತಮಾಷೆ, ಅದರ ಟೀಕೆ ಕೂಡ.

ಇಲ್ಲಿ ತಯಾರಿಯ ಪ್ರಶ್ನೆ ತಲೆಕೆಳಗಾಗುತ್ತದೆ. ಮಂದಣ್ಣ ಕೆಲಸಕ್ಕೆ ತಯಾರಾಗಿದ್ದಾನೆ, ಆದರೆ ಅವನಿಗೆ ಬರುವ ಕೆಲಸಕ್ಕೆ ಹುದ್ದೆಯ ಹೆಸರಿಲ್ಲ. ಹೆಸರಿರುವ ಹುದ್ದೆಯೆಂದರೆ ಪ್ಯೂನ್ ಹುದ್ದೆ. ತನಗೇನು ಗೊತ್ತು ಎಂಬುದೂ ಅವನಿಗೆ ಗೊತ್ತಿಲ್ಲ, ಏಕೆಂದರೆ ಅದನ್ನು ಗೊತ್ತು ಎಂದು ಕರೆಯುವವರು ಅವನ ಸುತ್ತ ಯಾರೂ ಇರಲಿಲ್ಲ. ನಮ್ಮ ತರಗತಿಗಳಲ್ಲಿ ಇದು ದಿನವೂ ನಡೆಯುತ್ತದೆ. ಬೆಳಗಿನ ನಾಲ್ಕಕ್ಕೆ ಎದ್ದು ಹೂವಿನ ಮಂಡಿಯಲ್ಲಿ ಲೆಕ್ಕ ನೋಡಿ, ಹತ್ತಕ್ಕೆ ಕಾಲೇಜಿಗೆ ಬರುವ ಬಿ.ಕಾಂ. ಹುಡುಗ ಅಕೌಂಟೆನ್ಸಿಯಲ್ಲಿ ಫೇಲಾಗುತ್ತಾನೆ. ಅವನು ದಿನಾ ಮಾಡುವ ಲೆಕ್ಕಕ್ಕೂ ಪುಸ್ತಕದ ಲೆಕ್ಕಕ್ಕೂ ಸಂಬಂಧವಿದೆ ಎಂದು ಅವನಿಗೆ ಯಾರೂ ಹೇಳಿರುವುದಿಲ್ಲ. ಮೇಷ್ಟ್ರಿಗೆ ಮಂಡಿಯ ವಿಷಯ ಗೊತ್ತಿರುವುದಿಲ್ಲ. ಗೊತ್ತಿದ್ದರೂ ಅದು ಹಾಜರಾತಿ ಕಡಿಮೆಯಾದದ್ದಕ್ಕೆ ಕಾರಣವಾಗಿ ಮಾತ್ರ.

ಹಾಗೆಂದು ಪ್ಯೂನ್ ಕೆಲಸದ ಆಸೆಯನ್ನು ನೋಡಿ ನಗಬಹುದೇ? ಕಾದಂಬರಿ ಸ್ವಲ್ಪ ನಗುತ್ತದೆ, ನಾವೂ ನಗುತ್ತೇವೆ. 2023ರ ಫೆಬ್ರುವರಿಯಲ್ಲಿ ಮಂಡ್ಯದ ಕಡೆಯ ಅವಿವಾಹಿತ ಯುವಕರು ಹೆಣ್ಣು ಸಿಗಲಿ ಎಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಆಗಲೂ ಪತ್ರಿಕೆಗಳು ನಗುತ್ತಲೇ ಬರೆದವು. ಅವರಲ್ಲಿ ಬಹಳಷ್ಟು ಜನ ರೈತರ ಮಕ್ಕಳು. ಬೇಸಾಯ ಮಾಡುವವನಿಗೆ ಹೆಣ್ಣು ಕೊಡುವುದಿಲ್ಲ, ಕೆಲಸ ಇದ್ದವನಿಗೆ ಕೊಡುತ್ತಾರೆ. ಅಂದರೆ ಬೇಸಾಯ ಕೆಲಸವಲ್ಲ. ‘ಕರ್ವಾಲೊ’ ಬಂದು 43 ವರ್ಷವಾದ ಮೇಲೂ ರಾಮಿಯ ಮದುವೆಯ ಲೆಕ್ಕಾಚಾರ ಬದಲಾಗಿಲ್ಲ.

ಮಣ್ಣಿಗೆ ಮರಳುವುದು ಕನ್ನಡ ಸಾಹಿತ್ಯದಲ್ಲಿ ಈ ಬಿಕ್ಕಟ್ಟಿಗೆ ಹಳೆಯ ಉತ್ತರ. 1940ರ ದಶಕದ ಆರಂಭದಲ್ಲಿ ಬಂದ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಮೂರನೆಯ ತಲೆಮಾರಿನ ರಾಮ ಓದಿ, ಚಳವಳಿಗೆ ಹೋಗಿ, ಪಟ್ಟಣಗಳಲ್ಲಿ ಕೆಲಸ ಹುಡುಕಿ ಬಸವಳಿದು ಕಡಲ ಕರೆಯ ಊರಿಗೆ ಹಿಂತಿರುಗುತ್ತಾನೆ. ಅಲ್ಲಿನ ಓದು ಒಬ್ಬೊಬ್ಬರಿಗೆ ಒಂದೊಂದು ಮಾಡುತ್ತದೆ: ಅಪ್ಪ ಲಚ್ಚನನ್ನು ಕೆಡಿಸುತ್ತದೆ, ಮಗನನ್ನು ನಿರುದ್ಯೋಗಿಯಾಗಿಸುತ್ತದೆ. ಅಸಹಕಾರದ ಕರೆಗೆ ಕಾಲೇಜು ಬಿಟ್ಟ ಕಾರಂತರಿಗೆ ಪದವಿಯ ಬಗ್ಗೆ ಗೌರವ ಇರಬೇಕಾಗಿಯೂ ಇರಲಿಲ್ಲ. ನನಗೆ ಇಷ್ಟವಾದ ಕಾದಂಬರಿ ಅದು. ಆದರೆ ಮರಳಲು ಮಣ್ಣಿರಬೇಕು. ಐತಾಳರ ಮನೆಯ ಮೊಮ್ಮಗನಿಗೆ, ಎಷ್ಟೇ ಕಳೆದುಕೊಂಡಿದ್ದರೂ, ಹಿಂತಿರುಗಿ ನಮ್ಮದು ಎನ್ನಲು ಒಂದು ಜಾಗವಿತ್ತು.

ಸಿದ್ಧಲಿಂಗಯ್ಯನವರ ಆತ್ಮಕಥನ ‘ಊರು ಕೇರಿ’ಯನ್ನು ಇದರ ಪಕ್ಕ ಇಟ್ಟು ಓದಿದರೆ ಮಣ್ಣು ಬೇರೆಯೇ ಆಗುತ್ತದೆ. ಮಾಗಡಿ ಸೀಮೆಯ ಮಂಚನಬೆಲೆಯಲ್ಲಿ ಬೇರೆಯವರ ಹೊಲ. ಇಬ್ಬರು ಮನುಷ್ಯರ ಹೆಗಲ ಮೇಲೆ ನೊಗ, ಹಿಂದಿನಿಂದ ಒಬ್ಬ ಉಳುತ್ತಿದ್ದಾನೆ. ನೊಗ ಹೊತ್ತವರಲ್ಲಿ ಒಬ್ಬರು ಹುಡುಗನ ಅಪ್ಪ. ಆ ಹುಡುಗ ಮುಂದೆ ಹಾಸ್ಟೆಲುಗಳಲ್ಲಿ ಓದಿ ಕನ್ನಡ ಪ್ರಾಧ್ಯಾಪಕನಾದ. ಅವನ ಶಾಲೆ ಅವನನ್ನು ಯಾವ ಕೆಲಸಕ್ಕೆ ಸಜ್ಜುಗೊಳಿಸಿತು ಎಂದು ಕೇಳುವ ಮೊದಲು ಯಾವ ಕೆಲಸದಿಂದ ಬಿಡಿಸಿತು ಎಂದು ಕೇಳಬೇಕು. ಶಿಕ್ಷಣವನ್ನು ಬರೀ ಕೌಶಲದ ಅಳತೆಗೋಲಿನಿಂದ ಅಳೆಯುವವರ ಲೆಕ್ಕದಲ್ಲಿ ಈ ಬಿಡುಗಡೆಗೆ ಕಾಲಂ ಇಲ್ಲ. ಕುಲಕಸುಬನ್ನು ಶಾಲೆಯಲ್ಲೇ ಕಲಿಸಿದರೆ ನಿರುದ್ಯೋಗ ತಪ್ಪುತ್ತದೆ ಎಂಬ ಮಾತು ಆಗಾಗ ಒಳ್ಳೆಯ ಮನಸ್ಸಿನಿಂದಲೇ ಬರುತ್ತದೆ. ನೊಗ ಹೊರುವುದೂ ಒಂದು ಕೌಶಲವೇ ಎಂಬುದು ಅದನ್ನು ಹೇಳುವವರಿಗೆ ಹೊಳೆದಿರುವುದಿಲ್ಲ.

ಇನ್ನು ಕೆಲಸ ಸಿಕ್ಕವರ ಪಾಡು. ಯಶವಂತ ಚಿತ್ತಾಲರ ‘ಶಿಕಾರಿ’ಯ ನಾಗಪ್ಪ ತಯಾರಿಯ ವಿಷಯದಲ್ಲಿ ಯಾರಿಗೂ ಕಡಿಮೆಯಿಲ್ಲ. ಹನೇಹಳ್ಳಿಯ ಕಡೆಯಿಂದ ಬಂದು, ಓದಿ, ಮುಂಬಯಿಯ ರಾಸಾಯನಿಕ ಕಂಪನಿಯೊಂದರಲ್ಲಿ ಮೇಲಿನ ಹುದ್ದೆಗೇರಿದವನು. ಚಿತ್ತಾಲರೇ ಪಾಲಿಮರ್ ತಂತ್ರಜ್ಞರಾಗಿದ್ದವರು, ಆ ಲೋಕ ಅವರಿಗೆ ಒಳಗಿನಿಂದ ಗೊತ್ತು. ಆದರೂ ಅಮಾನತಿಗೆ ಸಿಕ್ಕ ನಾಗಪ್ಪನಿಗೆ ತನ್ನ ಮೇಲಿನ ಆರೋಪವೇನು, ಯಾರು ತನ್ನ ಬೇಟೆಯಾಡುತ್ತಿದ್ದಾರೆ, ಒಂದು ಮಾತಿನ ಹಿಂದಿನ ಮಾತೇನು ಎಂಬುದನ್ನು ಓದಲು ಬರುವುದಿಲ್ಲ. ಅಲ್ಲಿ ಬೇಕಾಗಿರುವುದು ರಸಾಯನಶಾಸ್ತ್ರವಲ್ಲ, ಅಧಿಕಾರದ ಭಾಷೆಯನ್ನು ಬಿಡಿಸುವ ಓದು. ನನ್ನ ವಿದ್ಯಾರ್ಥಿಗಳಿಗೆ ಮೊದಲ ಸಲ ನೇಮಕಾತಿ ಪತ್ರ ಬಂದಾಗ ಹಲವರು ಅದನ್ನು ಫೋನಿನಲ್ಲಿ ನನಗೆ ಕಳಿಸಿದರು. ಸಂಭ್ರಮಕ್ಕೆ ಕಳಿಸಿದವರು ಕೆಲವರು. ಉಳಿದವರಿಗೆ ಪ್ರೊಬೇಷನ್ ಎಂದರೇನು, ನೋಟಿಸ್ ಅವಧಿ ಯಾರಿಗೆ ಅನ್ವಯಿಸುತ್ತದೆ, ಪಿಎಫ್ ಯಾಕೆ ಇಲ್ಲ, ಬಿಟ್ಟು ಹೋದರೆ ದುಡ್ಡು ಕಟ್ಟಬೇಕು ಎಂಬ ಷರತ್ತಿಗೆ ಸಹಿ ಹಾಕಬಹುದೇ ಎಂದು ಕೇಳಬೇಕಿತ್ತು. ಹದಿನೈದು ವರ್ಷ ಓದಿದವರು, ಕೌಶಲ ಪತ್ರಿಕೆಗಳನ್ನು ಪಾಸು ಮಾಡಿದವರು. ಕೆಲಸಗಾರರಾಗಿ ತಮ್ಮ ಹಕ್ಕೇನು ಎಂಬುದು ಆ ತಯಾರಿಯಲ್ಲಿ ಎಲ್ಲೂ ಬಂದಿರಲಿಲ್ಲ. 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರಿಗಾಗಿ ಕಾಯ್ದೆಯನ್ನೇ ಮಾಡಿತು. ಸಂಜೆ ಹೊತ್ತು ಡೆಲಿವರಿಗೆ ಹೋಗುವ ಹುಡುಗರು ಕೂತಿರುವ ತರಗತಿಯಲ್ಲಿ ಅದರ ಪ್ರಸ್ತಾಪ ಎಷ್ಟು ಸಲ ಬರುತ್ತದೋ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ನಲ್ಲಿ ಈ ಕಥೆಗೆ ಇನ್ನೊಂದು ತಿರುವಿದೆ. ಟೀಪುಡಿ ಮಾರುವ ಅಪ್ಪನ ದಿನದ ಲೆಕ್ಕ ಸರಿಹೋಗುವ ತನಕ ಇಡೀ ಮನೆ ಆತಂಕದಲ್ಲಿ ಕೂರುತ್ತಿದ್ದ ಕಾಲವೊಂದಿತ್ತು. ಚಿಕ್ಕಪ್ಪನ ಮಸಾಲೆ ವ್ಯಾಪಾರ ಕೈಹಿಡಿದ ಮೇಲೆ ನಿರೂಪಕ ಕಂಪನಿಯ ಡೈರೆಕ್ಟರ್. ಸಂಬಳ ಬರುತ್ತದೆ, ಕೆಲಸವಿಲ್ಲ. ಅವನ ದಿನ ಕಾಫಿ ಹೌಸಿನಲ್ಲಿ ಕಳೆಯುತ್ತದೆ. ಗಂಡ ದುಡಿಯುವುದಿಲ್ಲ ಎಂಬುದು ಹೆಂಡತಿ ಅನಿತಾಳನ್ನು ಚುಚ್ಚುವಷ್ಟು ಬೇರೆ ಯಾವುದೂ ಚುಚ್ಚುವುದಿಲ್ಲ. ಓದು, ಕೆಲಸ, ಸಂಬಳ ಮೂರೂ ಒಂದೇ ದಾರದಲ್ಲಿ ಪೋಣಿಸಿವೆ ಎಂದು ನಾವು ಮಕ್ಕಳಿಗೆ ಹೇಳುತ್ತ ಬಂದಿದ್ದೇವೆ. ಈ ಕಿರುಕಾದಂಬರಿಯಲ್ಲಿ ಆ ದಾರ ಕಿತ್ತುಹೋಗಿದೆ. ಪದವಿ ಪಡೆದು ಕೆಲಸ ಸಿಗದವರಿಗೆ ಸರ್ಕಾರ ಯುವನಿಧಿಯಲ್ಲಿ ತಿಂಗಳಿಗೆ 3000 ರೂಪಾಯಿ ಕೊಡುತ್ತಿರುವ ಕಾಲದಲ್ಲಿ ಅದನ್ನು ಮತ್ತೆ ಓದಬೇಕು. ಆ ಹಣ ಬೇಕಾದದ್ದೇ. ನನ್ನ ಕೆಲವು ವಿದ್ಯಾರ್ಥಿಗಳಿಗೆ ಪರೀಕ್ಷೆಯ ಅರ್ಜಿ ಶುಲ್ಕ, ಬಸ್ಸಿನ ಖರ್ಚು ಅದರಲ್ಲೇ ನಡೆಯುತ್ತಿದೆ. ಅವರಿಗೆ ಪಾಠ ಮಾಡಿದ ನನ್ನ ಕೆಲಸವೂ ಸೆಮಿಸ್ಟರ್ ಮುಗಿದೊಡನೆ ಮುಗಿಯುತ್ತಿತ್ತು, ಗೌರವಧನ ತಿಂಗಳುಗಟ್ಟಲೆ ತಡವಾಗಿ ಬರುತ್ತಿತ್ತು. ಅದಕ್ಕೆ ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತಾರೆ. ಪದದ ಆಯ್ಕೆ ಯಾರದೋ, ಹಾಸ್ಯಪ್ರಜ್ಞೆ ಚೆನ್ನಾಗಿದೆ.

ಮತ್ತೆ ‘ಕರ್ವಾಲೊ’ಗೆ ಬಂದರೆ, ಅದರ ಮೇಲೆ ನನಗಿರುವ ಆಕ್ಷೇಪವನ್ನೂ ಹೇಳಬೇಕು. ಮಂದಣ್ಣನ ಜ್ಞಾನವನ್ನು ಗುರುತಿಸುವುದು ಒಂದು ಸಂಸ್ಥೆಯಲ್ಲ, ಒಬ್ಬ ವ್ಯಕ್ತಿ. ಕರ್ವಾಲೊ ಆ ಊರಿಗೆ ಬರದಿದ್ದರೆ ಮಂದಣ್ಣ ಉಡಾಳನಾಗಿಯೇ ಉಳಿಯುತ್ತಿದ್ದ. ಕಾದಂಬರಿಗೆ ಇದು ಗೊತ್ತು, ಆದರೆ ಇದು ಅದನ್ನು ಕಾಡುವುದಿಲ್ಲ. ಕಾಡು ಹೊಕ್ಕು ಓತಿಯ ಬೆನ್ನು ಹತ್ತಿದ ಮೇಲೆ ನಿರೂಪಕ, ಪ್ರಭಾಕರ, ಬಿರಿಯಾನಿ ಕರಿಯಪ್ಪ, ಮಂದಣ್ಣ ಎಲ್ಲರೂ ವಿಸ್ಮಯದ ಮುಂದೆ ಸಮಾನರಾಗುತ್ತಾರೆ. ಆ ಪುಟಗಳು ಎಷ್ಟು ಸುಂದರವೆಂದರೆ, ಅವರಲ್ಲಿ ಒಬ್ಬರಿಗೆ ತಿಂಗಳ ಸಂಬಳವಿದೆ, ಒಬ್ಬರಿಗೆ ತೋಟವಿದೆ, ಮಂದಣ್ಣನಿಗೆ ಎರಡೂ ಇಲ್ಲ ಎಂಬುದನ್ನು ಓದುಗರು ಮರೆಯುತ್ತಾರೆ. ತೇಜಸ್ವಿಯವರಿಗೆ ನೌಕರಿಯ ಬಗ್ಗೆ ಇದ್ದ ಅಸಡ್ಡೆ ಇಲ್ಲಿ ಕೆಲಸ ಮಾಡಿದೆ ಎಂದು ನನ್ನ ಊಹೆ. ಎಂ.ಎ. ಮುಗಿಸಿ ಮೂಡಿಗೆರೆಯಲ್ಲಿ ಕಾಫಿ ಬೆಳೆಯಲು ಹೋದವರು ಅವರು. ನೌಕರಿ ಬೇಡ ಎನ್ನಬಲ್ಲವರಿಗೆ ಪ್ಯೂನ್ ಕೆಲಸದ ಆಸೆ ಹಾಸ್ಯವಾಗಿ ಕಾಣುವುದು ಸಹಜ.

ಇದನ್ನು ನನಗಿಂತ ಮೊದಲು ಹಿಡಿದದ್ದು ಬಿ.ಕಾಂ. ಎರಡನೇ ವರ್ಷದ ಹುಡುಗಿ. ಹಾರುವ ಓತಿ ಕಣಿವೆಗೆ ತೇಲಿಹೋದ ಭಾಗವನ್ನು ನಾನು ಸಾಕಷ್ಟು ಭಾವುಕವಾಗಿಯೇ ವಿವರಿಸಿ ನಿಲ್ಲಿಸಿದೆ. ಕೊನೆಯ ಬೆಂಚಿನಿಂದ ಅವಳು ಕೇಳಿದಳು: “ಮೇಡಂ, ಅಷ್ಟೊಂದು ದಿನ ಕಾಡು ಸುತ್ತಿದ್ದಕ್ಕೆ ಮಂದಣ್ಣನಿಗೆ ಕೂಲಿ ಎಷ್ಟು ಕೊಟ್ಟರು?” ತರಗತಿ ಗೊಳ್ಳೆಂದು ನಕ್ಕಿತು. ಉಳಿದ ಇಪ್ಪತ್ತು ನಿಮಿಷ ನಾವು ಅದನ್ನೇ ಮಾತಾಡಿದೆವು. ದಾರಿ ತೋರಿಸುವವನಿಗೆ ಎಷ್ಟು, ಮರ ಹತ್ತುವವನಿಗೆ ಎಷ್ಟು, ನೋಡಲು ಗೊತ್ತಿದ್ದದ್ದಕ್ಕೆ ಎಷ್ಟು ಎಂದು. ಕೊನೆಯದಕ್ಕೆ ಯಾರಿಗೂ ದರ ಹೇಳಲಾಗಲಿಲ್ಲ. ಆ ಸೆಮಿಸ್ಟರಿನ ಪ್ರಶ್ನೆಪತ್ರಿಕೆಯಲ್ಲಿ ಹತ್ತು ಅಂಕಕ್ಕೆ ಬಂದ ಪ್ರಶ್ನೆ, ‘ಕರ್ವಾಲೊ ಕಾದಂಬರಿಯಲ್ಲಿ ವ್ಯಕ್ತವಾಗಿರುವ ಪರಿಸರ ಪ್ರಜ್ಞೆಯನ್ನು ವಿವರಿಸಿ’.