ಅಕ್ಕಿ ಹುಳದ ಸೊಂಡಿಲು

ಹೊಸಪೇಟೆಯಿಂದ ಮಲಪನಗುಡಿ ದಾಟಿ ಹೋಗುವ ಕ್ಯಾಮೆರಾಗಳಿಗೆ ಹಂಪಿಯ ಕಲ್ಲಿನ ರಥದ್ದೇ ಧ್ಯಾನ. ಆದರೆ ದಾರಿಯಲ್ಲಿನ ಈ ಮಲಪನಗುಡಿಯ ಯಾವ ಮನೆಯಲ್ಲಾದರೂ ಮೊರದ ತುಂಬ ಅಕ್ಕಿ ಹರವಿ, ಮ್ಯಾಕ್ರೋ ಲೆನ್ಸಿನಲ್ಲಿ ಒಮ್ಮೆ ನೋಡಬೇಕು. ಮೂರು ಮಿಲಿಮೀಟರಿನ ಅಕ್ಕಿ ಹುಳ ಮರಿಯಾನೆಯಂತೆ ಸೊಂಡಿಲು ಚಾಚಿ ನಿಂತಿರುತ್ತದೆ! ಬರಿಗಣ್ಣಿಗೆ ಅದೊಂದು ಕಪ್ಪು ಚುಕ್ಕೆ. ಚಿತ್ರದಲ್ಲಿ ಬೆನ್ನ ಮೇಲೆ ಸಾಲುಗಟ್ಟಿದ ಗುಳಿಗಳು, ರೆಕ್ಕೆಚಿಪ್ಪಿನಲ್ಲಿ ಕೆಂಪು ಬೆರೆತ ಹಳದಿಯ ನಾಲ್ಕು ಮಚ್ಚೆ. ಬಾಯಿ ಇರುವುದು ಸೊಂಡಿಲ ತುದಿಯಲ್ಲಿ. ಹೆಣ್ಣು ಅದರಿಂದಲೇ ಕಾಳು ಕೊರೆದು, ಒಳಗೆ ಮೊಟ್ಟೆಯಿಟ್ಟು, ಅಂಟಿನಿಂದ ತೂತು ಮುಚ್ಚಿಬಿಡುತ್ತದೆ.

1665ರಲ್ಲಿ ವಿಜ್ಞಾನಿ ರಾಬರ್ಟ್ ಹುಕ್ ಸೂಕ್ಷ್ಮದರ್ಶಕದಲ್ಲಿ ಕಂಡ ಚಿಗಟ, ಹೇನುಗಳ ಚಿತ್ರ ಬರೆದು ‘ಮೈಕ್ರೊಗ್ರಾಫಿಯಾ’ ಪುಸ್ತಕದಲ್ಲಿ ಅಚ್ಚು ಹಾಕಿಸಿದ್ದ. ಈಗ ಇಂಥ ಚಿತ್ರಕ್ಕೆ ಮಾಮೂಲಿ 50 ಮಿ.ಮೀ. ಲೆನ್ಸನ್ನು ರಿಂಗ್ ಹಾಕಿ ಹಿಂದುಮುಂದಾಗಿ ಕೂರಿಸಿದರೂ ಸಾಕು. ಕಷ್ಟವೆಲ್ಲ ಫೋಕಸ್ಸಿನದು. ಇಷ್ಟು ಹತ್ತಿರದಲ್ಲಿ ಸ್ಪಷ್ಟವಾಗಿ ಮೂಡುವ ಆಳ ಒಂದು ಮಿಲಿಮೀಟರೂ ಇರದು. ಕಣ್ಣು ಸಿಕ್ಕರೆ ಕಾಲು ಮಸುಕು. ಅದಕ್ಕೇ ಕ್ಯಾಮೆರಾವನ್ನು ಕೂದಲೆಳೆಯಷ್ಟು ಸರಿಸುತ್ತ ಹತ್ತಾರು ಫೋಟೊ ತೆಗೆದು, ಕಂಪ್ಯೂಟರಿನಲ್ಲಿ ಒಂದಾಗಿಸುತ್ತಾರೆ. ಫ್ಲ್ಯಾಶಿಗೆ ಟ್ರೇಸಿಂಗ್ ಪೇಪರ್ ಅಡ್ಡವಿಡದಿದ್ದರೆ ಚಿಪ್ಪಿನ ತುಂಬ ಬಿಳಿ ಹೊಳಪೇ. ಹುಳವನ್ನು ಕೊಂದು ಅಂಟಿಸಿ ತೆಗೆದ ಚಿತ್ರಗಳೂ ಉಂಟು. ನನಗೆ ಮಾತ್ರ, ಬೆಳಗಿನ ತಂಪಿಗೆ ಮಂಕಾಗಿ ಕೂತ ಜೀವಂತ ಹುಳವನ್ನು ಉಸಿರು ಬಿಗಿಹಿಡಿದು ಹಿಡಿದ ಚಿತ್ರವೇ ಹೆಚ್ಚು.