ನೆಲ ಬಿಟ್ಟ ಮನೆಗಳು

ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿ, ಜಯನಗರಗಳಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟುಗಳ ಬಗ್ಗೆ ಬಂದಿರುವ ಬರಹಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಬರೆದವರೆಲ್ಲ ಕತ್ತೆತ್ತಿ ನೋಡಿ ಬರೆದಿದ್ದಾರೆ. ಒಂದು ಪಂಗಡಕ್ಕೆ ಈ ಕಟ್ಟಡಗಳು ಎತ್ತರವಾದವು, ಹೆಂಚಿನ ಮನೆಗಳ ಆಕಾಶವನ್ನು ನುಂಗಿದವು ಎಂಬ ದುಃಖ. ಇನ್ನೊಂದು ಪಂಗಡಕ್ಕೆ ಇವು ಎತ್ತರ ಸಾಲದವು, ಮೆಟ್ರೋ ಪಕ್ಕದಲ್ಲಿ ನಾಲ್ಕೇ ಮಹಡಿಗೆ ನಿಲ್ಲುವುದು ನೆಲವನ್ನು ಪೋಲು ಮಾಡಿದಂತೆ ಎಂಬ ಅಸಮಾಧಾನ. ಎತ್ತರವೇ ಅಳತೆಗೋಲು ಎಂಬುದರಲ್ಲಿ ಮಾತ್ರ ಇಬ್ಬರಿಗೂ ಒಮ್ಮತವಿದೆ. ನನ್ನ ತಕರಾರು ಇರುವುದು ಆ ಒಮ್ಮತದ ಜೊತೆ. ನಾಲ್ಕು ಮಹಡಿ ಎತ್ತರವೇನೂ ಅಲ್ಲ, ರಸ್ತೆ ಬದಿಯ ಒಂದು ದೊಡ್ಡ ಮಳೆಮರ ಅದರ ಸಮಕ್ಕೆ ಬೆಳೆಯುತ್ತದೆ. ಈ ಕಟ್ಟಡಗಳು ಬಡಾವಣೆಗೆ ಮಾಡುತ್ತಿರುವ ಕೆಡುಕೆಲ್ಲ ನೆಲದಿಂದ ಎಂಟೊಂಬತ್ತು ಅಡಿಯೊಳಗೇ ಮುಗಿದುಹೋಗುತ್ತದೆ. ಬಿಲ್ಡರುಗಳು 'ಸ್ಟಿಲ್ಟ್ ಪ್ಲಸ್ ಫೋರ್' ಎನ್ನುವ ಈ ಮಾದರಿಯಲ್ಲಿ ವಿಮರ್ಶೆಗೆ ಸಿಗಬೇಕಾದದ್ದು ಆ ಸ್ಟಿಲ್ಟು, ಅಂದರೆ ಕಂಬಗಳ ನಡುವೆ ಪಾರ್ಕಿಂಗಿಗೆ ಬಿಟ್ಟ ಕೆಳಮಹಡಿ. ಅದರ ಬಗ್ಗೆಯೇ ಯಾರೂ ಬರೆದಿಲ್ಲ.

ಈ ಮನೆಗಳು ಹುಟ್ಟುವ ಬಗೆಯನ್ನು ಇಲ್ಲಿ ವಿವರಿಸಬೇಕಾಗಿಲ್ಲ. ನಲವತ್ತು ಅರವತ್ತರ ಸೈಟು, ಅಜ್ಜ ಕಟ್ಟಿಸಿದ ಮನೆ, ಅಣ್ಣತಮ್ಮಂದಿರ ನಡುವೆ ಪಾಲು, ಜಾಯಿಂಟ್ ಡೆವಲಪ್‌ಮೆಂಟ್ ಕರಾರು, ಹಸಿರು ಬಲೆ ಹೊದ್ದ ಕಾಂಕ್ರೀಟ್ ಹಂದರ: ಎಲ್ಲರೂ ಕಂಡದ್ದೇ. ಕಟ್ಟಡ ಮುಗಿದ ಮೇಲೆ ರಸ್ತೆಯಲ್ಲಿ ನಡೆದುಹೋಗುವವರಿಗೆ ಅದರಲ್ಲಿ ಏನು ಕಾಣುತ್ತದೆ ಎಂಬುದನ್ನು ಮಾತ್ರ ನಿಧಾನವಾಗಿ ನೋಡೋಣ. ಮೊದಲು ಚರಂಡಿಯ ಮೇಲಿನ ಚಪ್ಪಡಿ ಒಡೆದು ಹಾಕಿದ ಇಳಿಜಾರು ಸಿಗುತ್ತದೆ. ಕಾರು ಹತ್ತಬೇಕಲ್ಲ, ಫುಟ್‌ಪಾತು ಅಲ್ಲಿ ವಾಲುತ್ತದೆ. ಪಕ್ಕದ ಸೈಟಿನವರು ಇನ್ನೊಂದು ಮಟ್ಟಕ್ಕೆ ತಮ್ಮ ಇಳಿಜಾರು ಹಾಕಿಕೊಂಡಿರುತ್ತಾರೆ, ನಡೆಯುವವರು ಪ್ರತಿ ನಲವತ್ತು ಅಡಿಗೊಮ್ಮೆ ಹತ್ತಿ ಇಳಿಯಬೇಕು. ಆಮೇಲೆ ಗೇಟು. ಅದರಾಚೆ ಗಿಡ ಬೆಳೆಯಬೇಕಾದ ಸೆಟ್‌ಬ್ಯಾಕಿನ ತುಂಬ ಇಂಟರ್‌ಲಾಕ್ ಕಲ್ಲು. ಅದರ ಹಿಂದೆ ಹಗಲಲ್ಲೂ ಟ್ಯೂಬ್‌ಲೈಟು ಬೇಡುವ ಮಬ್ಬಿನಲ್ಲಿ ಹಳದಿ ಕಪ್ಪು ಪಟ್ಟೆ ಬಳಿದ ಕಂಬಗಳು, ನೆಲದ ಮೇಲೆ ಬಣ್ಣದಲ್ಲಿ ಬರೆದ ಫ್ಲ್ಯಾಟ್ ನಂಬರುಗಳು, ತಲೆಯ ಮೇಲೆ ಮೇಲ್ಮನೆಗಳ ಬಚ್ಚಲು ಕಕ್ಕಸುಗಳಿಂದ ಇಳಿದುಬಂದ ಪೈಪುಗಳು, ಗೋಡೆಗೆ ಸಾಲಾಗಿ ಕೂರಿಸಿದ ಕರೆಂಟ್ ಮೀಟರುಗಳು, ಸಂಪಿನ ಕಬ್ಬಿಣದ ಮುಚ್ಚಳ. ರಸ್ತೆಗೆ ತೆರೆದ ಒಂದು ಕಿಟಕಿಯಿಲ್ಲ, ಹೊಸ್ತಿಲಿಲ್ಲ, ರಂಗೋಲಿಗೆ ಜಾಗವಿಲ್ಲ. ಇಂಥ ಎಂಟು ಕಟ್ಟಡ ಒಂದು ಸಾಲಿನಲ್ಲಿ ನಿಂತರೆ ಮುನ್ನೂರಿಪ್ಪತ್ತು ಅಡಿ ಉದ್ದಕ್ಕೂ ಯಾರ ಮನೆಯ ಬಾಗಿಲೂ ಎದುರಾಗುವುದಿಲ್ಲ.

ಇನ್ನೂ ಕಟ್ಟಬೇಕಾದ ಕಟ್ಟಡಗಳ ಚಿತ್ರಗಳಲ್ಲಿ ಇದೇ ಮಹಡಿ ಹೇಗೆ ಮೂಡುತ್ತದೆ ಎಂಬುದೂ ಗಮನಿಸುವಂಥದು. ಸೈಟಿನ ಮುಂದಿನ ತಗಡಿನ ಮೇಲೆ ಅಂಟಿಸುವ ಎಲಿವೇಷನ್ ಚಿತ್ರದಲ್ಲಿ ಬಾಲ್ಕನಿಯ ಗಾಜು ಹೊಳೆಯುತ್ತದೆ, ತಾರಸಿಯಲ್ಲಿ ಬಳ್ಳಿ ಹಬ್ಬಿರುತ್ತದೆ, ಸ್ಟಿಲ್ಟಿನ ಭಾಗಕ್ಕೆ ಮಾತ್ರ ದಟ್ಟ ನೆರಳು. ಕಾಂಪೌಂಡು ಗೋಡೆಯನ್ನು ಎಷ್ಟೋ ಸಲ ಬರೆದೇ ಇರುವುದಿಲ್ಲ, ಅದರ ಜಾಗದಲ್ಲಿ ಪೊದೆಗಳಿರುತ್ತವೆ. ವಾಸ್ತುಶಿಲ್ಪದ ಪತ್ರಿಕೆಗಳು ಮೆಚ್ಚಿ ಅಚ್ಚು ಹಾಕುವ ಫೋಟೋಗಳೂ ಸಾಮಾನ್ಯವಾಗಿ ಮೊದಲನೆಯ ಮಹಡಿಯಿಂದ ಮೇಲಕ್ಕೇ ಶುರುವಾಗುತ್ತವೆ. ಇಟ್ಟಿಗೆಯ ಜಾಲರಿ, ಬಣ್ಣ ಬಳಿಯದ ಕಾಂಕ್ರೀಟು, ಮರದ ಪಟ್ಟಿಗಳ ಪರದೆ, ಇವುಗಳ ಕುಸುರಿಯನ್ನು ಪುಟಗಟ್ಟಲೆ ಹೊಗಳುವವರು ಆ ಕುಸುರಿ ಏಕೆ ಒಂಬತ್ತು ಅಡಿಗಿಂತ ಕೆಳಕ್ಕೆ ಇಳಿಯುವುದಿಲ್ಲ ಎಂದು ಕೇಳುವುದಿಲ್ಲ. ದಾರಿಹೋಕರ ಕಣ್ಣಿಗೂ ಕೈಗೂ ಸಿಗುವ ಭಾಗವನ್ನು ಬಿಟ್ಟು ಉಳಿದದ್ದಕ್ಕೆ ಕೊಟ್ಟ ಮೆಚ್ಚುಗೆಯನ್ನು ಪೂರ್ತಿ ಕಟ್ಟಡಕ್ಕೆ ಸಂದ ಮೆಚ್ಚುಗೆ ಎಂದು ಎಣಿಸಲು ನಾನು ಸಿದ್ಧನಿಲ್ಲ.

ಆದರೆ ಇದನ್ನು ವಾಸ್ತುಶಿಲ್ಪಿಯ ಉದಾಸೀನ ಎಂದೋ ಬಿಲ್ಡರನ ದುರಾಸೆ ಎಂದೋ ಬರೆದು ಕೈತೊಳೆದುಕೊಂಡರೆ ತಪ್ಪಾದೀತು. ಸ್ಟಿಲ್ಟನ್ನು ಕಟ್ಟಿಸುತ್ತಿರುವುದು ನಿಯಮ. 2007ರಲ್ಲಿ ಜಾರಿಗೆ ಬಂದ, 2015ನ್ನು ಗುರಿಯಾಗಿಟ್ಟುಕೊಂಡ ಮಾಸ್ಟರ್ ಪ್ಲಾನು 360 ಚದರ ಮೀಟರಿನೊಳಗಿನ ವಸತಿ ಸೈಟಿಗೆ 1.75 ಎಫ್‌ಎಆರ್ (ಸೈಟಿನ ವಿಸ್ತೀರ್ಣದ 1.75 ಪಟ್ಟು ಕಟ್ಟುವ ಅವಕಾಶ) ಕೊಟ್ಟಿತು. ಪಾರ್ಕಿಂಗಿಗೆ ಬಿಟ್ಟ ಜಾಗವನ್ನು ಆ ಲೆಕ್ಕದಿಂದ ಹೊರಗಿಟ್ಟಿತು. ಅಂದರೆ 2400 ಚದರ ಅಡಿಯ ಸೈಟಿನಲ್ಲಿ 4200 ಚದರ ಅಡಿ ಕಟ್ಟಬಹುದು, ನಾಲ್ಕು ಮನೆಯಾದರೆ ತಲಾ 1050. ಮನೆಗೊಂದು ಕಾರಿನಂತೆ ನಾಲ್ಕು ಕಾರಿಗೆ ಜಾಗ ತೋರಿಸಬೇಕು. ನಿಲ್ಲುವ ಜಾಗದ ಜೊತೆ ತಿರುಗುವ ಜಾಗವೂ ಸೇರಿ ಕಾರಿಗೆ 25 ಚದರ ಮೀಟರ್ ಹಿಡಿದರೆ ಒಟ್ಟು 100 ಚದರ ಮೀಟರ್, ಹೆಚ್ಚು ಕಡಿಮೆ 1075 ಚದರ ಅಡಿ. ಮನುಷ್ಯರ ಒಂದು ಮನೆಗೆ ಸಿಕ್ಕಷ್ಟೇ ಜಾಗ ಕಾರುಗಳಿಗೂ ಸಿಕ್ಕಿತು, ಅದೂ ನೆಲದ ಮೇಲೆ, ಅದೂ ಎಫ್‌ಎಆರ್ ಲೆಕ್ಕಕ್ಕೆ ಸೇರದೆ. ಅದೇ ಜಾಗದಲ್ಲಿ ವಯಸ್ಸಾದ ತಂದೆತಾಯಿಗೆ ಎರಡು ಕೋಣೆ ಕಟ್ಟಿಕೊಟ್ಟರೆ, ಒಬ್ಬ ದರ್ಜಿಗೆ ಒಂದು ಮಳಿಗೆ ಬಿಟ್ಟುಕೊಟ್ಟರೆ, ಅದು ಪೂರ್ತಿ ಲೆಕ್ಕಕ್ಕೆ ಬರುತ್ತದೆ, ಮೇಲಿನ ಮನೆಯಿಂದ ಅಷ್ಟು ಕತ್ತರಿಸಬೇಕಾಗುತ್ತದೆ. ಹೀಗಿರುವಾಗ ನೆಲದಲ್ಲಿ ಮನೆ ಕಟ್ಟುವ ಬಿಲ್ಡರ್ ಸಿಕ್ಕರೆ ಅದೇ ಆಶ್ಚರ್ಯ. ಮೂವತ್ತು ನಲವತ್ತರ ಸೈಟಿನಿಂದ ಹಿಡಿದು ಎಕರೆಗಟ್ಟಲೆ ಜಾಗದ ಯೋಜನೆಗಳವರೆಗೆ ಬೇರೆ ಬೇರೆ ಕೈಗಳು ಬರೆದ ನಕ್ಷೆಗಳ ಕೆಳಮಹಡಿ ಒಂದೇ ಥರ ಇರುವುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಕಂಬಗಳ ಮೇಲೆ ಮನೆ ನಿಲ್ಲಿಸುವುದರ ಇನ್ನೊಂದು ಬೆಲೆಯನ್ನು ಅಹಮದಾಬಾದು ತೆತ್ತಿತು. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ, ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಆ ನಗರದಲ್ಲಿ ಕುಸಿದ ಬಹುಮಹಡಿ ಕಟ್ಟಡಗಳಲ್ಲಿ ಬಹಳಷ್ಟು ಕೆಳಮಹಡಿಯನ್ನು ಪಾರ್ಕಿಂಗಿಗೆ ಖಾಲಿ ಬಿಟ್ಟಂಥವು. ಮೇಲೆ ಗೋಡೆಗಳಿಂದ ಬಿಗಿಯಾದ ಭಾರ, ಕೆಳಗೆ ಗೋಡೆಯಿಲ್ಲದ ಮೆದು ಮಹಡಿ. ನೆಲ ಅಲುಗಿದಾಗ ಒತ್ತಡವೆಲ್ಲ ಆ ಕಂಬಗಳ ಮೇಲೆಯೇ ಬಿತ್ತು. ಬೆಂಗಳೂರು ಭೂಕಂಪದ ಅಪಾಯ ಕಡಿಮೆಯಿರುವ ಜಾಗವೆಂಬುದು ನಿಜ. ಸರಿಯಾಗಿ ಲೆಕ್ಕ ಹಾಕಿ ಕಟ್ಟಿದ ಕಂಬ ನಿಲ್ಲುತ್ತದೆ ಎಂಬುದೂ ನಿಜ. ನಾಲ್ಕು ಮಹಡಿಗೆ ಮಂಜೂರಾತಿ ಪಡೆದು ಐದನೆಯದನ್ನು ಏರಿಸುವ ರೂಢಿಯಿರುವ ಊರಿನಲ್ಲಿ ಎರಡನೆಯ ಮಾತಿನ ಮೇಲೆ ಎಷ್ಟು ಭರವಸೆ ಇಡಬಹುದು ಎಂಬುದು ಬೇರೆ ಪ್ರಶ್ನೆ.

ಈಗ ಹಳೆಯದರ ಹಂಬಲದ ಪಂಗಡಕ್ಕೆ ಬರುತ್ತೇನೆ. ನಮ್ಮ ಬಡಾವಣೆಗಳ ಬಗೆಗಿನ ಭಾವನೆಯನ್ನು ರೂಪಿಸಿರುವವರು ಅವರು, ಹಾಗಾಗಿ ಅವರೊಡನೆ ಜಗಳ ಆಡಲೇಬೇಕು. 1898ರ ಪ್ಲೇಗಿನ ನಂತರ ಪೇಟೆಯ ಇಕ್ಕಟ್ಟಿನಿಂದ ಜನ ಬಂದು ನೆಲೆಸಿದ ಮಲ್ಲೇಶ್ವರ ಬಸವನಗುಡಿಗಳ ಚಿತ್ರವೆಂದರೆ ಇವರಿಗೆ ಮಂಕಿ ಟಾಪ್ ಕಿಟಕಿಯ ಬಂಗಲೆ, ಸಂಪಿಗೆ ಮರ, ಕೆಂಪು ಗಾರೆಯ ಜಗುಲಿ. ಆ ಚಿತ್ರ ಸುಳ್ಳಲ್ಲ. ಆದರೆ ಅದೇ ಅಡ್ಡರಸ್ತೆಗಳಲ್ಲಿ ವಠಾರಗಳಿದ್ದವು ಎಂಬುದನ್ನು ಅದು ಮರೆಸುತ್ತದೆ. ರಸ್ತೆಗೆ ಒಂದು ಬಾಗಿಲು, ಒಳಗೆ ಉದ್ದನೆಯ ಓಣಿ, ಅದಕ್ಕೆ ಅಂಟಿಕೊಂಡು ಒಂದೂವರೆ ಕೋಣೆಯ ಮನೆಗಳು, ಕೊನೆಯಲ್ಲಿ ಎಲ್ಲರಿಗೂ ಸೇರಿದ ನಲ್ಲಿ ಮತ್ತು ಕಕ್ಕಸು. ಗುಮಾಸ್ತರು, ಮೇಷ್ಟ್ರುಗಳು, ಅಡುಗೆಯವರು, ಓದಲು ಬಂದ ಹುಡುಗರು ಬಾಡಿಗೆ ಕೊಟ್ಟು ಬದುಕಿದ್ದು ಇಲ್ಲಿ. ಇಂದಿನ ನಾಲ್ಕು ಫ್ಲ್ಯಾಟಿನ ಸೈಟಿನಲ್ಲಿ ಹಿಂದೆ ವಠಾರವಿದ್ದಿದ್ದರೆ ಆಗ ಅಲ್ಲಿ ಈಗಿರುವುದಕ್ಕಿಂತ ಹೆಚ್ಚು ಸಂಸಾರಗಳಿದ್ದವು ಎಂದೇ ತಿಳಿಯಬೇಕು. ಹೊಸ ಕಟ್ಟಡಗಳು ಜನಸಂದಣಿ ತಂದವು ಎಂಬ ದೂರು ಹಾಗಾಗಿ ಎಲ್ಲೆಡೆಗೂ ಹೊಂದುವುದಿಲ್ಲ. ವಠಾರದ ಬದುಕು ಸುಖವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಬೆಳಗ್ಗೆ ಕಕ್ಕಸಿನ ಮುಂದೆ ಸಾಲು ನಿಲ್ಲುವುದು ಯಾರಿಗೂ ಬೇಡ. ಆದರೆ ಅಷ್ಟು ಜನ ಇದ್ದೂ ವಠಾರ ರಸ್ತೆಗೆ ಬೆನ್ನು ಹಾಕಿರಲಿಲ್ಲ, ಅದರ ಬಾಗಿಲ ಕಟ್ಟೆಯಲ್ಲಿ ಯಾರಾದರೂ ಕೂತಿರುತ್ತಿದ್ದರು. ಚಿಕ್ಕಪೇಟೆ, ಅವೆನ್ಯೂ ರಸ್ತೆಗಳು ಅದಕ್ಕಿಂತ ಒತ್ತಾಗಿದ್ದವು, ಕೆಳಗೆ ಅಂಗಡಿ ಮೇಲೆ ಮನೆ. ಜನ ಹೆಚ್ಚಿದ್ದರೂ ರಸ್ತೆ ಜೀವಂತವಾಗಿರಬಹುದು ಎಂಬುದಕ್ಕೆ ಊರೊಳಗೇ ಇಷ್ಟು ಪುರಾವೆ ಇರುವಾಗ ಬಂಗಲೆಯನ್ನೇ ಆದರ್ಶವೆಂದು ಹಿಡಿಯುವುದು ಕೆಲವರ ನೆನಪನ್ನು ಊರಿನ ಚರಿತ್ರೆಯ ಜಾಗದಲ್ಲಿ ಕೂರಿಸಿದಂತೆ. ಬಂಗಲೆಗೂ ಕಾಂಪೌಂಡಿತ್ತು, ನಾಯಿ ಕಾಯುವ ಗೇಟಿತ್ತು. ಇವತ್ತಿನ ಅಪಾರ್ಟ್‌ಮೆಂಟು ಬಂಗಲೆಯಿಂದ ಕಲಿತದ್ದು ಆ ಗೇಟನ್ನೇ ಎಂಬುದನ್ನು ಈ ವಿಮರ್ಶಕರು ಒಪ್ಪಿಕೊಳ್ಳಬೇಕು. ಕಿಟಕಿ ಮೇಲಿನ ಮರಗೆಲಸದ ಅಂಚು ಹೋಯಿತೆಂದು ಇಷ್ಟು ಮರುಗುವವರು ಮಲ್ಲೇಶ್ವರದ ಮನೆಗಳ ಹಿಂದಿನ ಕನ್ಸರ್ವೆನ್ಸಿ ಲೇನುಗಳ ಬಗ್ಗೆ ಅಷ್ಟೇ ಆಸ್ಥೆಯಿಂದ ಬರೆದದ್ದು ಅಪರೂಪ. ಮಲ ಹೊರುವವರ ಓಡಾಟಕ್ಕೆಂದು ಬಿಟ್ಟ, ಜಾತಿಯ ಕ್ರೌರ್ಯವನ್ನು ನಕ್ಷೆಯಲ್ಲೇ ಹೊತ್ತ ಆ ಓಣಿಗಳನ್ನು ಇಂದು ಸ್ಕೂಟರುಗಳಿಗೆ, ಕಸದ ಗಾಡಿಗೆ, ಮೀಟರು ಪೈಪುಗಳಿಗೆ ಬಳಸಿಕೊಂಡರೆ ಮುಂದಿನ ಮುಖ ಮನೆಗೇ ಉಳಿಯುತ್ತಿತ್ತು. ಹೊಸ ಕಟ್ಟಡಗಳು ಅಲ್ಲಿ ಗೋಡೆ ಎಬ್ಬಿಸಿ ಎಲ್ಲವನ್ನೂ ಮುಂದಕ್ಕೆ ತಂದಿವೆ.

ಎರಡನೆಯ ಪಂಗಡದ ವಾದ ಚಿಕ್ಕದು: ಎಫ್‌ಎಆರ್ ಹೆಚ್ಚಿಸಿ, ಮನೆಗಳು ಹೆಚ್ಚುತ್ತವೆ, ಬೆಲೆ ಇಳಿಯುತ್ತದೆ. ಹಣ ಕಟ್ಟಿ ಹೆಚ್ಚುವರಿ ಮಹಡಿ ಪಡೆಯುವ ಪ್ರೀಮಿಯಂ ಎಫ್‌ಎಆರ್, ಮೆಟ್ರೋ ನಿಲ್ದಾಣಗಳ ಸುತ್ತ ಒತ್ತಾಗಿ ಕಟ್ಟುವ ನೀತಿ, ಎರಡರ ಹಿಂದಿನ ತರ್ಕವೂ ಇದೇ. ತರ್ಕಕ್ಕೆ ನನ್ನ ವಿರೋಧವಿಲ್ಲ. ಸಂಪಿಗೆ ರಸ್ತೆ, ನ್ಯಾಷನಲ್ ಕಾಲೇಜು, ಜಯನಗರ ನಿಲ್ದಾಣಗಳಿಂದ ನಡೆದು ಹೋಗುವ ದೂರದಲ್ಲಿ ಹೆಚ್ಚು ಜನ ಇರಬೇಕಾದದ್ದೇ. ಆದರೆ ಹೆಚ್ಚುವರಿ ಮಹಡಿಯ ಜೊತೆಗೆ ಹೆಚ್ಚುವರಿ ಕಾರಿನ ಕಡ್ಡಾಯವೂ ಬಂದರೆ ಒಂದು ಸ್ಟಿಲ್ಟು ಎರಡಾಗುತ್ತದೆ, ಮನೆ ನೆಲದಿಂದ ಇನ್ನೂ ಒಂಬತ್ತು ಅಡಿ ಮೇಲಕ್ಕೆ ಹೋಗುತ್ತದೆ. ರೈಲಿನ ಪಕ್ಕದಲ್ಲಿ ಇರಲಿ ಎಂದು ಮಹಡಿ ಕೊಟ್ಟು, ಕಾರು ಇಟ್ಟುಕೊಳ್ಳದೆ ಇರಬೇಡಿ ಎಂದು ಅದೇ ಹಾಳೆಯಲ್ಲಿ ಆದೇಶಿಸುವುದು ನೀತಿಯಾಗುವುದಿಲ್ಲ.

ಹೊಸ ಮನೆಗಳಲ್ಲಿ ಒಳ್ಳೆಯದೂ ಇದೆ. ಲಿಫ್ಟು, ಮನೆಗೊಂದು ಬಚ್ಚಲು, 2009ರಿಂದ ಕಡ್ಡಾಯವಾದ ಮಳೆನೀರು ಕೊಯ್ಲು, ಮೊಮ್ಮಕ್ಕಳು ಅಜ್ಜಿಯ ಬಡಾವಣೆಯಲ್ಲೇ ಉಳಿಯುವ ಅವಕಾಶ. ಇವನ್ನು ಅಲ್ಲಗಳೆಯುವುದಿಲ್ಲ. ಇವಕ್ಕೂ ಸ್ಟಿಲ್ಟಿಗೂ ಸಂಬಂಧವಿಲ್ಲ ಎಂಬುದಷ್ಟೇ ನನ್ನ ಮಾತು.

ಸ್ಟಿಲ್ಟು ಬೇಡವೆಂಬ ನನ್ನ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಒಂದು: ಒಳಗೆ ಜಾಗವಿಲ್ಲದಿದ್ದರೆ ಕಾರುಗಳು ರಸ್ತೆಗೆ ಬರುತ್ತವೆ. ಬಂದಾಗಿದೆ. ಮನೆಯ ಎರಡನೆಯ ಕಾರು, ನೆಂಟರ ಕಾರು, ಒಳಗೆ ಹಿಂದೆ ಮುಂದೆ ಮಾಡಲು ಬೇಸರಪಟ್ಟವರ ಕಾರು, ಎಲ್ಲವೂ ಈಗಲೂ ರಸ್ತೆಯಲ್ಲೇ ಇವೆ. ಇನ್ನೂ ಒಂದು ಲೆಕ್ಕವಿದೆ. ಒಂದು ಕಾರು ರಸ್ತೆಬದಿಯಲ್ಲಿ ನಿಲ್ಲಲು ಹದಿನೆಂಟು ಇಪ್ಪತ್ತಡಿ ಸಾಕು. ಹನ್ನೆರಡು ಹದಿನೈದು ಅಡಿಯ ಗೇಟಿಗೆ ಆಚೀಚೆ ತಿರುಗುವ ಜಾಗ ಸೇರಿಸಿದರೆ ಅಷ್ಟೇ ಉದ್ದ ಖಾಲಿ ಬಿಡಬೇಕು. ಗೇಟಿಗೆ ನೋ ಪಾರ್ಕಿಂಗ್ ಬೋರ್ಡು ನೇತುಹಾಕಿ, ಉಳಿದ ಅಂಚಿಗೆ ಹೂಕುಂಡ ಇಟ್ಟು ಸಾರ್ವಜನಿಕ ರಸ್ತೆಯ ಅಷ್ಟನ್ನೂ ಪ್ರತಿ ಕಟ್ಟಡ ತನ್ನದಾಗಿಸಿಕೊಂಡಿದೆ. ರಸ್ತೆಯಲ್ಲಿ ನಿಲ್ಲುವ ಕಾರಿಗೆ ಶುಲ್ಕ ಹಾಕುವುದು ಇದಕ್ಕಿಂತ ನ್ಯಾಯವಾದ ದಾರಿ, ಕಾರಿಲ್ಲದವನು ಮನೆಯ ಬೆಲೆಯಲ್ಲಿ ಪಾರ್ಕಿಂಗಿಗೂ ತೆರುವುದು ತಪ್ಪುತ್ತದೆ. ಪ್ರವಾಹದ ಮಾತನ್ನೂ ಎತ್ತುತ್ತಾರೆ, 2022ರ ಸೆಪ್ಟೆಂಬರಿನ ಮಳೆ ನೋಡಿಲ್ಲವೇ ಎನ್ನುತ್ತಾರೆ. ಆಗ ಮುಳುಗಿದ್ದು ಕೆರೆ ರಾಜಕಾಲುವೆಗಳ ಪಕ್ಕದ ಯಮಲೂರು, ಬೆಳ್ಳಂದೂರಿನ ಕಡೆ. ಹಳೆಯ ಬಡಾವಣೆಗಳ ಬಹುಪಾಲು ರಸ್ತೆಗಳ ನೀರಿಗೆ ಅಡಿಪಾಯ ಎತ್ತರಿಸಿ ಇಟ್ಟ ನಾಲ್ಕು ಮೆಟ್ಟಿಲೇ ಸಾಕಾಗಿತ್ತು. ಕೆಳಗೆ ಅಂಗಡಿ ಬಂದರೆ ಗದ್ದಲ ಎಂಬ ನಿವಾಸಿ ಸಂಘಗಳ ಆತಂಕಕ್ಕೆ ಕಾರಣವಿದೆ, ಹೋಟೆಲು ಪಬ್ಬುಗಳು ಕೆಡಿಸಿದ ರಸ್ತೆಗಳನ್ನು ಅವರು ಕಂಡಿದ್ದಾರೆ. ಹಾಗಾದರೆ ಅಂಗಡಿ ಬೇಡ, ಮನೆಯೇ ಇರಲಿ. ಲಿಫ್ಟು ಕೆಟ್ಟರೆ ಇಳಿಯಲಾಗದ ಹಿರಿಯರಿಗೆ ನೆಲದ ಮನೆಗಿಂತ ಬೇಕಾದದ್ದು ಯಾವುದು?

ಕಾನೂನು ಈ ಜಾಗದ ಬಗ್ಗೆ ಒಂದು ಮಾತು ಆಗಲೇ ಹೇಳಿದೆ. ಮುಂಬೈಯ ದಹಿಸರ್‌ನ ಒಂದು ವಸತಿ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರಲ್ಲಿ, ಅಲ್ಲಿನ ಕಾಯ್ದೆಯಡಿ ಸ್ಟಿಲ್ಟು ಎಲ್ಲರಿಗೂ ಸೇರಿದ ಭಾಗ, ಬಿಲ್ಡರು ಅದನ್ನು ಬಿಡಿಬಿಡಿಯಾಗಿ ಮಾರುವಂತಿಲ್ಲ ಎಂದಿತು. ಎಲ್ಲರಿಗೂ ಸೇರಿದ ನೆಲವನ್ನು ಬೆಂಗಳೂರಿನ ನಿಯಮ ಕಾರಿಗೆ ಮಾತ್ರ ಬಿಟ್ಟುಕೊಟ್ಟಿದೆ. ಆದರೂ ಅಲ್ಲಿ ಒಂದು ಸಂಸಾರ ಇದ್ದೇ ಇರುತ್ತದೆ. ಮೆಟ್ಟಿಲ ಕೆಳಗೆ, ಮೀಟರು ಬೋರ್ಡಿನ ಪಕ್ಕ, ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ ವಾಚ್‌ಮನ್, ಅವನ ಹೆಂಡತಿ, ಮಕ್ಕಳು. ಅಡುಗೆಯೂ ಅಲ್ಲೇ, ಹೋಂವರ್ಕೂ ಅಲ್ಲೇ. ಮಂಜೂರಾದ ನಕ್ಷೆಯಲ್ಲಿ ಎಷ್ಟೋ ಸಲ ಆ ಕೋಣೆ ಮನೆಯೆಂದು ದಾಖಲಾಗಿರುವುದೇ ಇಲ್ಲ. ಪ್ರೀಮಿಯಂ ಎಫ್‌ಎಆರ್ ಕೊಡುವ ಪ್ರತಿ ಕಡತಕ್ಕೂ ಗ್ರೇಟರ್ ಬೆಂಗಳೂರಿನ ಹೊಸ ಪಾಲಿಕೆಗಳು ಮೂರು ಷರತ್ತು ಹಾಕಲಿ. ಮೆಟ್ರೋ ಹತ್ತಿರ ಪಾರ್ಕಿಂಗ್ ಕಡ್ಡಾಯ ಇರಕೂಡದು. ಕಾರಿಗೆ ಬಿಟ್ಟ ಜಾಗ ಎಫ್‌ಎಆರ್ ಲೆಕ್ಕಕ್ಕೆ ಬರಬೇಕು, ರಸ್ತೆಗೆ ಬಾಗಿಲು ತೆರೆಯುವ ನೆಲದ ಮನೆ ಆ ಲೆಕ್ಕದಿಂದ ಹೊರಗುಳಿಯಬೇಕು. ಆ ನೆಲದ ಮನೆಗಳಲ್ಲಿ ಮೊದಲನೆಯದು, ರಸ್ತೆಗೆ ಕಿಟಕಿಯಿಟ್ಟು, ಸ್ವಂತ ಬಚ್ಚಲಿಟ್ಟು, ಕಟ್ಟಡ ಕಾಯುವ ಸಂಸಾರದ ಹೆಸರಿಗೇ ನಕ್ಷೆಯಲ್ಲಿ ಬರೆದಿರಬೇಕು.